ಮೊದಲು ಬಿತ್ತಿದವರ ಲೆಕ್ಕ

ವಾಣಿಜ್ಯಲೋಕದಲ್ಲಿ ಕೆಲವು ಉಪದೇಶಗಳು ಯಾರ ಪರೀಕ್ಷೆಗೂ ಒಳಗಾಗದೆಯೇ ಶಾಸ್ತ್ರವಾಕ್ಯದ ಪದವಿಗೆ ಏರಿಬಿಡುವುದುಂಟು. ಹೊಸದೊಂದು ಉದ್ಯಮವು ಇನ್ನೂ ಕಣ್ದೆರೆಯುತ್ತಿರುವಾಗಲೇ ಅದರ ಅಂಗಳವನ್ನು ಹೊಕ್ಕವನಿಗೆ ಸಿರಿ ಒಲಿಯುವುದೆಂದೂ, ನಾಲ್ಕು ಜನ ಹೋಗಿಬರಲಿ ನೋಡೋಣವೆಂದು ಜಗಲಿಯ ಮೇಲೆ ಕುಳಿತವನಿಗೆ ಉಚ್ಛಿಷ್ಟವಷ್ಟೇ ಉಳಿಯುವುದೆಂದೂ ಹೇಳುವ ಮಾತು ಅಂಥವುಗಳಲ್ಲೊಂದು. ಸೌರವಿದ್ಯುತ್ತಿನ ವಿಷಯದಲ್ಲಂತೂ ಈ ಮಾತನ್ನು ಹೂಡಿಕೆದಾರರ ಸಮಾವೇಶಗಳಲ್ಲಿ ಮಂತ್ರಿಗಳೂ, ಸಾಲದ ಕಡತಗಳಲ್ಲಿ ಬ್ಯಾಂಕಿನವರೂ, ಮಾಳಿಗೆಯ ಅಳತೆ ತೆಗೆದುಕೊಳ್ಳಲು ಬಂದ ಮಾರಾಟದ ತರುಣನೂ ಒಂದೇ ಶ್ರುತಿಯಲ್ಲಿ ನುಡಿದು ನಮ್ಮ ಕಿವಿಗಳನ್ನು ಪಳಗಿಸಿದ್ದಾರೆ. ಆದೊಡೆ ಬಯಲುಸೀಮೆಯ ಒಕ್ಕಲಿಗನನ್ನು ಕೇಳಿದರೆ ಅವನು ಹೇಳುವ ಮಾತೇ ಬೇರೆ. ಮೊದಲ ಮಳೆ ಬಿದ್ದ ಮಾತ್ರಕ್ಕೆ ಬಿತ್ತಿದವನ ಬೀಜವು ಮುಂದಿನ ಮಳೆ ತಡೆದರೆ ಮೊಳಕೆಯಲ್ಲೇ ಕಮರಿಹೋಗುವುದನ್ನು ಅವನು ಕಂಡುಬಲ್ಲನು. ಅವನು ಕಾಯುವುದು ಹದಕ್ಕಾಗಿ. ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿದಲ್ಲದೆ ಅವನು ಕೂರಿಗೆಯನ್ನು ಹೊಲಕ್ಕಿಳಿಸನು.

ಸೌರವಿದ್ಯುತ್ತಿನ ಹೊಲದಲ್ಲಿ ಮೊದಲು ಬಿತ್ತಿದವರ ಗತಿ ಏನಾಯಿತೆಂಬುದನ್ನು ಈಗ ಸಾವಧಾನವಾಗಿ ನೋಡಬಹುದು. ಏತಕ್ಕೆಂದರೆ ಒಂದೆರಡು ಬೆಳೆಗಳ ಒಕ್ಕಣೆಯೇ ಮುಗಿದು ರಾಶಿಯೂ ಹೊಟ್ಟೂ ಬೇರೆಬೇರೆಯಾಗಿ ಕಣದಲ್ಲಿ ಬಿದ್ದಿವೆ.

ಮೊತ್ತಮೊದಲಿಗರೆಂಬ ಹೆಸರಿಗೆ ನಿಜವಾಗಿ ಅರ್ಹರಾದವರು ವ್ಯಾಪಾರಿಗಳಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು 1954ರ ಏಪ್ರಿಲ್ ತಿಂಗಳಲ್ಲಿ ಲೋಕಕ್ಕೆ ತೋರಿಸಿದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿ ಪರಿವರ್ತಿಸುತ್ತಿತ್ತು. ಆ ವಿದ್ಯುತ್ತಿನ ಬೆಲೆಯನ್ನು ತೆರಬಲ್ಲ ಗಿರಾಕಿ ಭೂಮಿಯ ಮೇಲೆ ಇರಲಿಲ್ಲವಾಗಿ, ನಾಲ್ಕು ವರ್ಷಗಳ ತರುವಾಯ ಅದು ವ್ಯಾನ್‌ಗಾರ್ಡ್ ಉಪಗ್ರಹದ ಮೈಮೇಲೆ ಕುಳಿತು ಆಕಾಶವನ್ನೇ ಸೇರಿತು. ಅದನ್ನು ಮರಳಿ ಭೂಮಿಗಿಳಿಸುವ ಸಾಹಸಕ್ಕೆ ಹಣವಿತ್ತವರು, ವಿಧಿಯ ವಿನೋದವೆನ್ನಬೇಕು, ಎಣ್ಣೆಯ ಕಂಪೆನಿಯವರು. 1973ರಲ್ಲಿ ಎಕ್ಸಾನ್ ಸಂಸ್ಥೆಯ ಆಶ್ರಯದಲ್ಲಿ ಎಲಿಯಟ್ ಬರ್ಮನ್ ಎಂಬಾತನು ಕಟ್ಟಿದ ಕಂಪೆನಿಯು ವಾಟಿಗೆ ನೂರು ಡಾಲರಿನ ಸುಮಾರಿದ್ದ ಬೆಲೆಯನ್ನು ಇಪ್ಪತ್ತಕ್ಕೆ ಇಳಿಸಿ, ಸಮುದ್ರದ ನಡುವಣ ಎಣ್ಣೆಬಾವಿಗಳ ಎಚ್ಚರಿಕೆಯ ದೀಪಗಳಿಗೆ ಫಲಕಗಳನ್ನು ಮಾರಿತು. ಇಪ್ಪತ್ತು ಡಾಲರೂ ಸಾಮಾನ್ಯ ಗೃಹಸ್ಥನಿಗೆ ದುಬಾರಿಯೇ. ಎಣ್ಣೆಯ ಬೆಲೆ ಮತ್ತೆ ಇಳಿದ ಎಂಬತ್ತರ ದಶಕದಲ್ಲಿ ಆ ಪೋಷಕರು ಕೈತೊಳೆದುಕೊಂಡರು. ನಮ್ಮ ದೇಶದಲ್ಲೂ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಎಂಬ ಸರ್ಕಾರಿ ಉದ್ಯಮವು 1977ರಲ್ಲಿಯೇ ಸೌರಕೋಶವನ್ನು ತಯಾರಿಸಿತ್ತು. 1989ರಲ್ಲಿ ಬೆಂಗಳೂರಿನಲ್ಲಿ ಟಾಟಾ ಸಂಸ್ಥೆಯೂ ಬ್ರಿಟಿಷ್ ಪೆಟ್ರೋಲಿಯಂ ಸಂಸ್ಥೆಯೂ ಕೂಡಿ ಕಾರ್ಖಾನೆ ತೆರೆದವು. ಮೊದಲಿಗರಾಗುವ ಪುಣ್ಯವೇ ಸಿರಿಯನ್ನು ತರುವುದಾಗಿದ್ದಲ್ಲಿ ಇಂದು ಜಗತ್ತಿನ ಫಲಕಗಳೆಲ್ಲವೂ ನ್ಯೂಜೆರ್ಸಿಯಿಂದಲೋ ಸಾಹಿಬಾಬಾದಿನಿಂದಲೋ ಬರಬೇಕಾಗಿತ್ತು.

ಇದಕ್ಕೆ ಅವರು ತೀರ ಮುಂಚೆ ಬಂದರು, ಸಕಾಲದಲ್ಲಿ ಬರಲಿಲ್ಲ ಎಂದು ಸಮಾಧಾನ ಹೇಳುವವರುಂಟು. ಹಾಗಿದ್ದರೆ ಸಕಾಲದಲ್ಲಿ ಬಂದವರನ್ನೇ ನೋಡೋಣ. 2000ದಲ್ಲಿ ಜರ್ಮನಿಯು ಸೌರವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ನಿಶ್ಚಿತ ದರವನ್ನು ಕಾನೂನಿನ ಮೂಲಕ ಕೊಟ್ಟ ಮೇಲೆ ಗಿರಾಕಿಗಳು ಸಾಲುಗಟ್ಟಿ ನಿಂತರು. ಆ ಕಾನೂನಿನ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಕ್ಯೂ-ಸೆಲ್ಸ್ ಎಂಬ ಜರ್ಮನ್ ಕಂಪೆನಿಯು ಹತ್ತು ವರ್ಷ ತುಂಬುವ ಮೊದಲೇ ಕೋಶಗಳ ತಯಾರಿಕೆಯಲ್ಲಿ ಜಗತ್ತಿಗೆ ಅಗ್ರಣಿಯಾಯಿತು. ಆಸ್ಟ್ರೇಲಿಯದಲ್ಲಿ ಸೌರಕೋಶದ ಸಂಶೋಧಕ ಮಾರ್ಟಿನ್ ಗ್ರೀನ್ ಅವರ ಬಳಿ ವ್ಯಾಸಂಗ ಮಾಡಿದ ಷಿ ಝೆಂಗ್‌ರಾಂಗ್ 2001ರಲ್ಲಿ ಚೀನದ ವೂಷಿ ನಗರದಲ್ಲಿ ಸನ್‌ಟೆಕ್ ಕಂಪೆನಿಯನ್ನು ತೆರೆದು, 2005ರಲ್ಲಿ ನ್ಯೂಯಾರ್ಕಿನ ಷೇರುಪೇಟೆಯನ್ನು ಹೊಕ್ಕು, ಚೀನದ ಅತಿ ಶ್ರೀಮಂತರ ಪಂಕ್ತಿಯಲ್ಲಿ ಕುಳಿತನು. ಇವರಿಗಿಂತ ಸಕಾಲದಲ್ಲಿ ಬಂದವರಾರು? ಆದರೂ 2012ರ ಏಪ್ರಿಲ್‌ನಲ್ಲಿ ಕ್ಯೂ-ಸೆಲ್ಸ್ ದಿವಾಳಿಯ ಅರ್ಜಿ ಹಾಕಿ ಕೊರಿಯದವರ ಕೈಸೇರಿತು. 2013ರ ಮಾರ್ಚಿನಲ್ಲಿ ಸನ್‌ಟೆಕ್ ಐವತ್ತು ಕೋಟಿ ಡಾಲರಿಗೂ ಮಿಕ್ಕ ಸಾಲಪತ್ರಗಳ ಹಣವನ್ನು ತೀರಿಸಲಾರದೆ ಕುಸಿಯಿತು. ಅಮೆರಿಕದ ಸಾಲಿಂಡ್ರಾ ಕಂಪೆನಿಯು ಅವರಿಬ್ಬರಿಗಿಂತ ಮುಂಚೆ, 2011ರಲ್ಲಿ, ಸರ್ಕಾರವು ಜಾಮೀನು ನಿಂತಿದ್ದ 53 ಕೋಟಿ ಡಾಲರಿಗೂ ಹೆಚ್ಚಿನ ಸಾಲದೊಡನೆ ಮುಳುಗಿತ್ತು.

ಇವರೆಲ್ಲರ ಪತನಕ್ಕೆ ದುರಾಸೆಯೋ ಅವ್ಯವಹಾರವೋ ಕಾರಣವೆಂದು ಬರೆದ ಲೇಖನಗಳು ಬೇಕಾದಷ್ಟಿವೆ. ಅವೂ ಒಂದಿಷ್ಟು ಇದ್ದಿರಬಹುದು. ಮೂಲಕಾರಣವಾದರೋ ಆ ವಸ್ತುವಿನ ಸ್ವಭಾವದಲ್ಲಿಯೇ ಅಡಗಿದೆ. ಜಗತ್ತಿನಲ್ಲಿ ತಯಾರಾದ ಫಲಕಗಳ ಒಟ್ಟು ಮೊತ್ತವು ಪ್ರತಿಸಲ ಇಮ್ಮಡಿಯಾದಾಗಲೂ ಅದರ ಬೆಲೆ ಐದರಲ್ಲೊಂದು ಪಾಲಿನಷ್ಟು ಇಳಿಯುತ್ತ ಬಂದಿದೆ. ಇಂಥ ಪದಾರ್ಥವನ್ನು ತಯಾರಿಸುವವನು ತಾನು ಹೆಚ್ಚುಹೆಚ್ಚಾಗಿ ತಯಾರಿಸಿದಂತೆಲ್ಲ ತನ್ನ ನಿನ್ನೆಯ ಯಂತ್ರವನ್ನು ತಾನೇ ಅಗ್ಗಗೊಳಿಸುತ್ತಾನೆ. ನಾಳೆ ಬರುವವನು ಇವನ ತಪ್ಪುಗಳನ್ನೆಲ್ಲ ಪುಕ್ಕಟೆಯಾಗಿ ಕಲಿತು, ಅರ್ಧ ಬೆಲೆಗೆ ಮೇಲಾದ ಯಂತ್ರವನ್ನು ಕೊಂಡು ಎದುರು ಅಂಗಡಿ ತೆರೆಯುತ್ತಾನೆ. ಸಾಲದುದಕ್ಕೆ, 2008ರಲ್ಲಿ ಶುದ್ಧ ಸಿಲಿಕಾನಿನ ಬೆಲೆಯು ಕಿಲೋಗ್ರಾಮಿಗೆ ನಾನೂರು ಡಾಲರನ್ನು ದಾಟಿದಾಗ ಇನ್ನೂ ಏರೀತೆಂಬ ಭಯದಿಂದ ಹಲವು ವರ್ಷಗಳ ಖರೀದಿಯ ಕರಾರಿಗೆ ಸಹಿ ಹಾಕಿದ ಕಂಪೆನಿಗಳು, ಮೂರೇ ವರ್ಷಗಳಲ್ಲಿ ಅದು ಮೂವತ್ತರ ಸುಮಾರಿಗೆ ಇಳಿದಾಗ, ಕಟ್ಟಿಕೊಂಡ ಬುತ್ತಿಯೇ ಬೆನ್ನಿಗೆ ಬಂಡೆಯಾದವರಂತೆ ನಿಂತವು.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಸೇರಿಸಬೇಕೆನ್ನಿಸುತ್ತದೆ. ಬೆಂಗಳೂರಿನ ಮನೆಗಳ ನೆತ್ತಿಯ ಮೇಲೆ ಕುಳಿತಿರುವ ಸೋಲಾರ್ ಹೀಟರುಗಳೂ ಸೂರ್ಯನ ಶಿಶುಗಳೇ. ಆದರೆ ಅವು ತಾಮ್ರದ ಕೊಳವೆ, ಉಕ್ಕಿನ ತೊಟ್ಟಿ, ಗಾಜುಗಳಿಂದಾದ ಕಮ್ಮಾರಿಕೆಯ ವಸ್ತುಗಳು. ಅವುಗಳ ಬೆಲೆ ವರ್ಷವರ್ಷಕ್ಕೂ ಪಾತಾಳಕ್ಕಿಳಿಯುವ ಜಾತಿಯದಲ್ಲ. ಆ ಪ್ರಯುಕ್ತ ಅದನ್ನು ಬೇಗ ಹಾಕಿಸಿದವನಿಗೆ ಬೇಗ ಬಿಸಿನೀರು ದೊರೆಯಿತು, ವಿದ್ಯುತ್ತಿನ ಬಿಲ್ಲಿನಲ್ಲಿ ಯೂನಿಟ್ಟಿಗೆ ಐವತ್ತು ಪೈಸೆಯಂತೆ ತಿಂಗಳಿಗೆ ಐವತ್ತು ರೂಪಾಯಿ ಪರ್ಯಂತ ರಿಯಾಯಿತಿಯೂ ದೊರೆಯಿತು, ಪಶ್ಚಾತ್ತಾಪಕ್ಕೆ ಅವಕಾಶವೇ ಆಗಲಿಲ್ಲ. ಒಂದೇ ಸೂರ್ಯ, ಒಂದೇ ಮಾಳಿಗೆ. ಆದರೂ ಬೇಗ ಬಂದವನ ಫಲ ಬೇರೆಬೇರೆ. ಇದನ್ನು ನೋಡದೆ ‘ಸೌರ’ ಎಂಬ ಒಂದೇ ಶಬ್ದದಡಿ ಎಲ್ಲವನ್ನೂ ಕಟ್ಟುವುದು ವಿಚಾರದ ಸೋಮಾರಿತನ.

ಇನ್ನು ಫಲಕಗಳನ್ನು ತಯಾರಿಸದೆ, ಕೊಂಡು ನೆಟ್ಟು, ವಿದ್ಯುತ್ತನ್ನು ಮಾರುವವರ ಪ್ರಕರಣ. ಮೊದಲಿಗರ ಹಿರಿಮೆಯನ್ನು ಕೊಂಡಾಡುವವರು ಬೆರಳುಮಾಡಿ ತೋರಿಸುವುದು ಇವರನ್ನೇ. 2010ರ ಜನವರಿಯಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಸೌರ ಅಭಿಯಾನವನ್ನು ಘೋಷಿಸಿ, 2022ರೊಳಗೆ 20,000 ಮೆಗಾವಾಟ್ ಎಂಬ ಗುರಿಯನ್ನಿಟ್ಟಾಗ, ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು ಯೂನಿಟ್ಟಿಗೆ 17 ರೂಪಾಯಿ 91 ಪೈಸೆ ನ್ಯಾಯವಾದ ದರವೆಂದು ಲೆಕ್ಕಹಾಕಿತ್ತು. ಮೊದಲ ಸುತ್ತಿನ ಹರಾಜಿನಲ್ಲಿಯೇ ಅದು ಸರಾಸರಿ 12 ರೂಪಾಯಿಯ ಆಸುಪಾಸಿಗೆ ಬಂದಿತು; 2011ರ ಕೊನೆಯ ಸುತ್ತಿನಲ್ಲಿ ಅತಿ ಕಡಿಮೆ ಕೂಗು 7 ರೂಪಾಯಿ 49 ಪೈಸೆ; 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆ; 2020ರ ಡಿಸೆಂಬರಿನಲ್ಲಿ ಗುಜರಾತಿನಲ್ಲಿ 1 ರೂಪಾಯಿ 99 ಪೈಸೆ. ಇಪ್ಪತ್ತೈದು ವರ್ಷಗಳ ಖರೀದಿ ಒಪ್ಪಂದವನ್ನು ಹನ್ನೆರಡು ರೂಪಾಯಿಗೆ ಬರೆಸಿಕೊಂಡವನು ಧನ್ಯನೆಂದೂ, ಎರಡು ರೂಪಾಯಿಗೆ ಬರೆಸಿಕೊಂಡವನು ತಡವಾಗಿ ಬಂದು ಕೆಟ್ಟನೆಂದೂ ಈ ಅಂಕಿಗಳು ಮೇಲ್ನೋಟಕ್ಕೆ ಸಾರುತ್ತವೆ.

ಮೇಲ್ನೋಟವನ್ನು ಬಿಟ್ಟು ತುಸು ಗುಣಾಕಾರ ಮಾಡೋಣ. ನಮ್ಮ ಬಿಸಿಲಿನಲ್ಲಿ ಒಂದು ಮೆಗಾವಾಟಿನ ಸ್ಥಾವರವು ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಕೊಡುವುದೆಂದು ಇಟ್ಟುಕೊಳ್ಳಬಹುದು. 2010-11ರಲ್ಲಿ ಅದನ್ನು ಕಟ್ಟಲು ಆಯೋಗವು ಅಂದಾಜು ಮಾಡಿದ ವೆಚ್ಚ 16 ಕೋಟಿ 90 ಲಕ್ಷ ರೂಪಾಯಿ. 17 ರೂಪಾಯಿ 91 ಪೈಸೆಯ ದರದಲ್ಲಿ ವರ್ಷದ ಉತ್ಪತ್ತಿ 2 ಕೋಟಿ 87 ಲಕ್ಷದಷ್ಟು, ಎಂದರೆ ಹೂಡಿದ ನೂರಕ್ಕೆ ಹದಿನೇಳು. 2016-17ಕ್ಕೆ ಬಂದರೆ ಆಯೋಗದ ಅಂದಾಜು 5 ಕೋಟಿ 30 ಲಕ್ಷಕ್ಕೆ ಇಳಿದಿದೆ. ಅದರ ಮುಂದಿನ ವರ್ಷ ಕರ್ನಾಟಕದ ಆಯೋಗವು ಗೊತ್ತುಮಾಡಿದ 4 ರೂಪಾಯಿ 36 ಪೈಸೆಯ ದರದಲ್ಲಿ ಉತ್ಪತ್ತಿ 70 ಲಕ್ಷ, ಎಂದರೆ ನೂರಕ್ಕೆ ಹದಿಮೂರು. ಬಡ್ಡಿ, ಖರ್ಚುಗಳನ್ನು ಕಳೆಯದ ಒರಟು ಲೆಕ್ಕವಿದು. ಆದರೂ ದರವು ನಾಲ್ಕರಲ್ಲಿ ಮೂರು ಪಾಲು ಕುಸಿದಾಗ ಹೂಡಿಕೆಯ ಪ್ರತಿಫಲವು ಹದಿನೇಳರಿಂದ ಹದಿಮೂರಕ್ಕೆ ಮಾತ್ರ ಸರಿದುದನ್ನು ಕಾಣಲು ಇಷ್ಟು ಸಾಕು. ಹೆಚ್ಚಿನ ದರವು ಹೆಚ್ಚಿನ ವೆಚ್ಚದ ನೆರಳೇ ಹೊರತು ಮೊದಲಿಗನಿಗೆ ಸಂದ ಬಹುಮಾನವಲ್ಲ.

ಹಾಗಾದರೆ ಅಂದು ಹಣ ಮಾಡಿಕೊಂಡವರು ಯಾರೂ ಇಲ್ಲವೇ? ಉಂಟು, ಆದರೆ ಅವರ ಗುಟ್ಟು ಬೇಗ ಬಂದುದರಲ್ಲಿಲ್ಲ, ಬೇಗ ಸಹಿ ಹಾಕಿ ತಡವಾಗಿ ಕೊಂಡುದರಲ್ಲಿದೆ. ಗುಜರಾತು 2010ರಲ್ಲಿ ಮೊದಲ ಹನ್ನೆರಡು ವರ್ಷಕ್ಕೆ ಯೂನಿಟ್ಟಿಗೆ 15 ರೂಪಾಯಿ, ಮುಂದಿನ ಹದಿಮೂರು ವರ್ಷಕ್ಕೆ 5 ರೂಪಾಯಿ ಎಂದು ದರ ಕಟ್ಟಿತು. ಒಪ್ಪಂದವಾದ ಒಡನೆಯೇ ಫಲಕ ತಂದು 17 ಕೋಟಿಗೆ ಕಟ್ಟಿದವನಿಗೆ ನೂರಕ್ಕೆ ಹದಿನಾಲ್ಕು ಹುಟ್ಟುತ್ತದೆ. ಗಡುವಿನ ಕೊನೆಯ ತಿಂಗಳುಗಳ ತನಕ ಕೈಕಟ್ಟಿ ಕುಳಿತು, ಚೀನದ ಕಾರ್ಖಾನೆಗಳು ಬೆಲೆಯನ್ನು ಮುರಿದ ಮೇಲೆ 12 ಕೋಟಿಗೆ ಮುಗಿಸಿದವನಿಗೆ ಇಪ್ಪತ್ತು. ಒಂದೇ ದಿನ ಸಹಿ ಹಾಕಿದ ಇಬ್ಬರಲ್ಲಿ ಸೋಮಾರಿಯೇ ಸಿರಿವಂತನಾಗುವ ಇಂಥ ವ್ಯವಸ್ಥೆಯನ್ನು ಉದ್ಯಮಶೀಲತೆಯ ಪಾಠವೆಂದು ತರಗತಿಗಳಲ್ಲಿ ಬೋಧಿಸುವುದು ವಿಪರ್ಯಾಸವಲ್ಲವೆ? ಬೆಲೆ ಇಳಿದುದನ್ನು ಕಂಡು ದರವನ್ನೂ ಇಳಿಸಬೇಕೆಂದು ಗುಜರಾತಿನ ವಿದ್ಯುತ್ ಖರೀದಿಯ ನಿಗಮವು ತರುವಾಯ ಮೊರೆಹೋಯಿತು. ಕರಾರು ಕರಾರೇ ಎಂದು ಆಯೋಗವೂ ಮೇಲ್ಮನವಿಯ ನ್ಯಾಯಮಂಡಳಿಯೂ ಒಪ್ಪದೆ ಹೋದವು.

ಎಲ್ಲೆಡೆಯೂ ಕಾಗದವು ಇಷ್ಟು ಗಟ್ಟಿಯೆಂದು ನಂಬಬೇಕಾಗಿಲ್ಲ. ಸ್ಪೇನ್ ದೇಶವು 2007ರಲ್ಲಿ ಯೂನಿಟ್ಟಿಗೆ ನಲವತ್ತು ಯೂರೋ ಸೆಂಟಿಗೂ ಮೇಲ್ಪಟ್ಟ ದರವನ್ನು ರಾಜಾಜ್ಞೆಯಿಂದಲೇ ಕೊಟ್ಟಿತು. ಮರುವರ್ಷ ಎರಡೂವರೆ ಸಾವಿರ ಮೆಗಾವಾಟಿಗೂ ಮಿಕ್ಕು ಫಲಕಗಳು ಅಲ್ಲಿ ಎದ್ದುನಿಂತು ಜಗತ್ತಿನ ಅತಿ ದೊಡ್ಡ ಸೌರ ಮಾರುಕಟ್ಟೆ ಎಂಬ ಬಿರುದೂ ಬಂದಿತು. 2010ರಲ್ಲಿ ಆ ದರ ಸಲ್ಲುವ ಗಂಟೆಗಳಿಗೆ ಕತ್ತರಿ ಬಿದ್ದು, 2013ರಲ್ಲಿ ಆ ಏರ್ಪಾಡೇ ರದ್ದಾಯಿತು. ಮನೆ ಒತ್ತೆಯಿಟ್ಟು ಮೊದಲಿಗರಾದ ಸಣ್ಣ ಹೂಡಿಕೆದಾರರು ಬೀದಿಗೆ ಬಂದರು; ವಿದೇಶದ ನಿಧಿಗಳು ವಕೀಲರನ್ನಿಟ್ಟು ಅಂತಾರಾಷ್ಟ್ರೀಯ ಪಂಚಾಯಿತಿಯ ಮುಂದೆ ಪರಿಹಾರ ಕೇಳಿದವು. ನಮ್ಮ ನೆರೆಯ ಆಂಧ್ರದಲ್ಲೂ 2019ರಲ್ಲಿ ಹೊಸ ಸರ್ಕಾರವು ಹಳೆಯ ಒಪ್ಪಂದಗಳನ್ನು ಮತ್ತೆ ಬಿಚ್ಚಿನೋಡಲು ಹೊರಟಿತು. ಮೂಲ ದರವನ್ನೇ ಕೊಡಬೇಕೆಂದು ಅಲ್ಲಿಯ ಹೈಕೋರ್ಟು ಹೇಳುವಷ್ಟರಲ್ಲಿ 2022 ಬಂದಿತ್ತು. ಸಾಲದ ಕಂತು ಹೈಕೋರ್ಟಿನ ತೀರ್ಪಿಗಾಗಿ ಕಾಯುವುದಿಲ್ಲ.

ಈ ವಿಷಯದಲ್ಲಿ ಕರ್ನಾಟಕದ ಅನುಭವವು ವಿಶೇಷ ವಿಚಾರಣೆಗೆ ಅರ್ಹವಾದುದು. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ರಾಜ್ಯದ ವಿದ್ಯುತ್ ನಿಗಮವು 3 ಮೆಗಾವಾಟಿನ ಸ್ಥಾವರವನ್ನು ಅಭಿಯಾನವು ಆರಂಭವಾಗುವ ಹೊತ್ತಿಗೇ ನಿಲ್ಲಿಸಿತ್ತು. ಲಾಭದ ದೃಷ್ಟಿಯಿಂದ ಅದನ್ನು ತೂಗುವುದು ಅನ್ಯಾಯ. ಸರ್ಕಾರದ ಎಂಜಿನಿಯರುಗಳು ಧೂಳು, ತಾಪ, ಗ್ರಿಡ್ಡಿನ ಏರಿಳಿತಗಳನ್ನು ಕಲಿತ ಪಾಠಶಾಲೆ ಅದು, ಪಾಠಶಾಲೆಗೆ ಶುಲ್ಕ ತೆರಬೇಕಾದುದು ಧರ್ಮವೇ. ತೂಗಬೇಕಾದುದು 2014ರ ತರುವಾಯದ ಯೋಜನೆಗಳನ್ನು. ಆ ವರ್ಷ ಸರ್ಕಾರವು ಭೂಮಿಯುಳ್ಳ ರೈತರೇ ಒಂದರಿಂದ ಮೂರು ಮೆಗಾವಾಟಿನ ಸ್ಥಾವರಗಳನ್ನು ಕಟ್ಟಿಕೊಳ್ಳಲಿ, ಯೂನಿಟ್ಟಿಗೆ 8 ರೂಪಾಯಿ 40 ಪೈಸೆಯಂತೆ ಕೊಳ್ಳುತ್ತೇವೆ ಎಂದಿತು. ಪಹಣಿಯೇ ಬಂಡವಾಳವಾಗುವ ಈ ಕಲ್ಪನೆ ಸೊಗಸಾದುದು. ಆದರೆ ಮೂರು ಮೆಗಾವಾಟಿಗೆ ಬೇಕಾದ ಹದಿನೈದು-ಇಪ್ಪತ್ತು ಕೋಟಿ ರೂಪಾಯಿ ಯಾವ ರೈತನ ಕಣಜದಲ್ಲಿರುತ್ತದೆ? ಹಣವುಳ್ಳ ಕಂಪೆನಿಗಳು ರೈತರೊಡನೆ ಕೂಡಿಕೊಂಡವು. ಭೂಪರಿವರ್ತನೆಯ ಅಪ್ಪಣೆ ಬರಬೇಕು, ಸಬ್‌ಸ್ಟೇಷನ್ನಿನಲ್ಲಿ ಸ್ಥಳ ಸಿಗಬೇಕು, ತಂತಿ ಎಳೆಯಲು ನಡುವಣ ಹೊಲಗಳವರು ಒಪ್ಪಬೇಕು. ಇವೆಲ್ಲ ಆಗುವುದರೊಳಗೆ ಅನೇಕರ ಗಡುವು ಮೀರಿತು. ಮೀರಿದವರಿಗೆ ಆಯೋಗವು 4 ರೂಪಾಯಿ 36 ಪೈಸೆಯ ದರವನ್ನು ಅನ್ವಯಿಸಿತು. ನೀನು ಅಗ್ಗದ ಫಲಕ ಕೊಂಡಿರುವೆಯಾದ್ದರಿಂದ ಅಗ್ಗದ ದರವನ್ನೇ ತೆಗೆದುಕೋ ಎಂಬ ಈ ತರ್ಕವನ್ನು ನಾನು ಅಲ್ಲಗಳೆಯಲಾರೆ. ಗುಜರಾತಿನ ಸೋಮಾರಿಗೆ ದೊರೆತ ಬಹುಮಾನವನ್ನು ಇಲ್ಲಿ ತಡೆದರೆನ್ನಬಹುದು. ಆದರೆ ತಡಮಾಡಿದವನು ಬೆಲೆ ಇಳಿಯಲೆಂದು ಕಾದವನೋ, ಕಚೇರಿಯ ಬಾಗಿಲಲ್ಲಿ ಅಪ್ಪಣೆಗಾಗಿ ಕಾದವನೋ ಎಂಬುದನ್ನು ವಿವೇಚಿಸದ ನ್ಯಾಯವು ಅರ್ಧನ್ಯಾಯವೇ. ಆ ವ್ಯಾಜ್ಯಗಳು ಸುಪ್ರೀಂ ಕೋರ್ಟಿನವರೆಗೂ ಏರಿ, 2024ರಲ್ಲಿ ಅಂಥದೊಂದರಲ್ಲಿ ತೀರ್ಪು ಉತ್ಪಾದಕನ ಪರವಾಗಿ ಬಂದಿತು. ಅಷ್ಟರಲ್ಲಿ ಯೋಜನೆಗೆ ಹತ್ತು ವರ್ಷ ತುಂಬಿತ್ತು.

ಮಾಳಿಗೆಗಳ ಕಥೆಯೂ ಇದಕ್ಕೆ ಸಮೀಪದ್ದೇ. ಸಹಾಯಧನವಿಲ್ಲದೆ ಹಾಕಿಸಿದ ಮಾಳಿಗೆಯ ಫಲಕಗಳಿಗೆ 2013ರಲ್ಲಿ ಗೊತ್ತಾದ 9 ರೂಪಾಯಿ 56 ಪೈಸೆಯ ದರವು 2016ರಲ್ಲಿ ಗಾತ್ರಕ್ಕನುಗುಣವಾಗಿ ಏಳು ರೂಪಾಯಿಯ ಸುಮಾರಿಗೂ ಅದರ ಕೆಳಕ್ಕೂ ಇಳಿಯಿತು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಇಷ್ಟನ್ನೂ ಓದಿದವರು ನಾನು ಸೌರೋದ್ಯಮಕ್ಕೆ ಬೇಗ ಕಾಲಿಡುವುದನ್ನೇ ನಿಷೇಧಿಸುತ್ತಿರುವೆನೆಂದು ಭಾವಿಸಿಯಾರು. ಹಾಗಲ್ಲ. ಬೇಗ ಬಂದು ಬಾಳಿದವರೂ ಇದ್ದಾರೆ. ಆದರೆ ಅವರು ಕೂಡಿಟ್ಟದ್ದು ಬೆಲೆಯಿಳಿಯುವ ವಸ್ತುವನ್ನಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಆರಂಭಿಸಿದಾಗ ಫಲಕವು ದುಬಾರಿಯ ಪದಾರ್ಥ, ಕೊಳ್ಳಬೇಕಾದವರು ಸೀಮೆಎಣ್ಣೆಯ ಬುಡ್ಡಿಯಲ್ಲಿ ಬಾಳು ಸಾಗಿಸುತ್ತಿದ್ದ ಬಡವರು; ವ್ಯಾಪಾರದ ಯಾವ ಪಂಚಾಂಗದಲ್ಲೂ ಇದಕ್ಕೆ ಮುಹೂರ್ತವಿರಲಿಲ್ಲ. ಆ ಸಂಸ್ಥೆಯು ಮಾಡಿದ ಮುಖ್ಯ ಕೆಲಸವು ದೀಪ ಮಾರಿದ್ದಲ್ಲ, ಸಾಲ ಹುಟ್ಟಿಸಿದ್ದು. ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಮುಂತಾದವುಗಳ ಶಾಖೆಗಳ ಮೆಟ್ಟಿಲು ಹತ್ತಿ, ಮನೆಯ ಬೆಳಕಿಗೂ ಎಮ್ಮೆಗೆ ಕೊಡುವಂತೆಯೇ ಸಾಲ ಕೊಡಬಹುದೆಂದು ಮ್ಯಾನೇಜರುಗಳನ್ನು ಒಪ್ಪಿಸಿದ್ದು. ತಿಂಗಳಿಗೊಮ್ಮೆ ಮುನ್ನೂರು ರೂಪಾಯಿ ಕೂಡಿಸಲಾರದ ಬೀದಿಬದಿಯ ವ್ಯಾಪಾರಿಯು ದಿನಕ್ಕೆ ಹತ್ತು ರೂಪಾಯಿಯನ್ನು ಸಲೀಸಾಗಿ ಕೊಡಬಲ್ಲಳೆಂಬ ಅರಿವು ಯಾವ ಪ್ರಯೋಗಾಲಯದಲ್ಲಿ ಹುಟ್ಟುವಂಥದು? 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ, ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಇಂಥ ಸಾಲಗಳ ಬಡ್ಡಿಯನ್ನು ತಗ್ಗಿಸಿದಾಗ ದಾರಿಯು ಆಗಲೇ ಸವೆದಿತ್ತು.

ಸೆಲ್ಕೋ ಸಂಸ್ಥೆಯೂ ಏಟು ತಿನ್ನದಿರಲಿಲ್ಲ. 2005ರ ಸುಮಾರಿಗೆ ಜರ್ಮನಿಯ ಬೇಡಿಕೆಯಿಂದ ಫಲಕಗಳ ಬೆಲೆ ಏರಿದಾಗ ಅದು ನಷ್ಟಕ್ಕೆ ಸಿಕ್ಕಿತು. ಬರ್ಲಿನ್ನಿನ ಸಹಾಯಧನವು ಶಿರಸಿಯ ಗುಡಿಸಲಿನ ದೀಪವನ್ನು ದುಬಾರಿಗೊಳಿಸಿದ ವಿಚಿತ್ರವನ್ನು ಅರ್ಥಶಾಸ್ತ್ರದ ಯಾವ ಪಠ್ಯದಲ್ಲಾದರೂ ಸೇರಿಸಬಹುದು. ಆದರೂ ಸಂಸ್ಥೆ ಉಳಿಯಿತು, ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಕ್ಯೂ-ಸೆಲ್ಸ್, ಸನ್‌ಟೆಕ್‌ಗಳು ಬಿದ್ದ ಅದೇ ಕಾಲ. ಫಲಕದ ಬೆಲೆ ಇಳಿದಾಗ ತಯಾರಕನ ಬಂಡವಾಳ ಕರಗುತ್ತದೆ. ರಿಪೇರಿಗೆ ಕರೆದರೆ ಬರುವ ಹುಡುಗನ ಮೇಲೆ ಊರಿಗಿರುವ ಭರವಸೆಯೂ ಬ್ಯಾಂಕಿನವನ ಪರಿಚಯವೂ ಅದರಿಂದ ಕರಗವು, ಬದಲಾಗಿ ಹೆಚ್ಚು ಮನೆಗಳನ್ನು ಮುಟ್ಟುತ್ತವೆ. ಅಗ್ರಪ್ರವೇಶದ ಪಕ್ಷದಲ್ಲಿ ನಾನು ಒಪ್ಪಬಲ್ಲ ಬಲವಾದ ವಾದ ಇದೊಂದೇ. ವಿದ್ಯುತ್ತನ್ನು ಸಗಟಾಗಿ ಮಾರುವವರಿಗೆ ಇದಕ್ಕೆ ಸಮಾನವಾದುದು ಸಬ್‌ಸ್ಟೇಷನ್ನಿನ ಸ್ಥಳ: ಅದು ಒಮ್ಮೆ ಭರ್ತಿಯಾದರೆ ತಡವಾಗಿ ಬಂದವನು ಎಷ್ಟು ಅಗ್ಗದ ಫಲಕ ತಂದರೂ ಹೊಸ ಲೈನಿಗಾಗಿ ವರ್ಷಗಟ್ಟಲೆ ಕಾಯಬೇಕು.

ಕೊನೆಗೆ, ಈ ಉದ್ಯಮಕ್ಕೆ ಬೇಗ ಪ್ರವೇಶಿಸಿದ, ಆದರೆ ಉದ್ಯಮಿಗಳೆಂದು ಯಾರೂ ಎಣಿಸದ ಒಂದು ವರ್ಗದ ಮಾತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಊರುಗಳ ರೈತರು ಸುಮಾರು 13,000 ಎಕರೆಗಳನ್ನು ಸೋಲಾರ್ ಪಾರ್ಕಿಗಾಗಿ ಗುತ್ತಿಗೆಗೆ ಕೊಟ್ಟರು; 2018ರಲ್ಲಿ ಉದ್ಘಾಟನೆಯಾಗಿ, ಮರುವರ್ಷದ ಕೊನೆಗೆ ಅದು 2,050 ಮೆಗಾವಾಟಿಗೆ ಬೆಳೆಯಿತು. ಭೂಮಿಯನ್ನು ಕಸಿಯದೆ, ಒಡೆತನವನ್ನು ರೈತನಲ್ಲೇ ಉಳಿಸಿ ಬಾಡಿಗೆಗೆ ಪಡೆದ ಈ ಕ್ರಮವನ್ನು ದೇಶದಲ್ಲೆಲ್ಲ ಹೊಗಳಿದರು. ಬರದ ಮೇಲೆ ಬರ ಕಂಡ ಆ ಸೀಮೆಯಲ್ಲಿ ಮಳೆ ಬಂದರೂ ಬಾರದಿದ್ದರೂ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬರುವುದು ಸಣ್ಣ ಮಾತಲ್ಲ, ಹೊಗಳಿಕೆಯೂ ನ್ಯಾಯವೇ. ಭೂಮಿಯಿಲ್ಲದೆ ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದವರಿಗೆ ಬಾಡಿಗೆ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲವಾಯಿತೆಂಬುದನ್ನು ಹೊಗಳುವವರು ಮರೆತರು. ಅದಿರಲಿ. ಆ ಗುತ್ತಿಗೆಯ ಅವಧಿ 28 ವರ್ಷ. ಬಾಡಿಗೆಯು ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುವುದು. ಹದಿಮೂರು ಏರಿಕೆಗಳನ್ನು ಕಟ್ಟುತ್ತ ಹೋದರೆ ಕೊನೆಯ ಎರಡು ವರ್ಷಗಳ ಬಾಡಿಗೆ ಎಕರೆಗೆ 39,600 ರೂಪಾಯಿಗಿಂತ ಒಂದೆರಡು ರೂಪಾಯಿ ಕಡಿಮೆ ನಿಲ್ಲುತ್ತದೆ. ವರ್ಷಕ್ಕೆ ಎರಡೂವರೆಗಿಂತಲೂ ಕಡಿಮೆ ಏರುವ ಈ ಹಣದಿಂದ ಅಂದು ಎಷ್ಟು ಪಲ್ಲ ರಾಗಿ ಬಂದೀತೆಂದು ತಿರುಮಣಿಯ ಒಕ್ಕಲಿಗನು ಲೆಕ್ಕಹಾಕಿಕೊಳ್ಳುತ್ತಿದ್ದರೆ ಆಶ್ಚರ್ಯವಿಲ್ಲ. ಅದೇ ಬೇಲಿಯೊಳಗಣ ಕಂಪೆನಿಯು ದರವನ್ನು ಇಪ್ಪತ್ತೈದು ವರ್ಷಕ್ಕೆ ಸ್ಥಿರಪಡಿಸಿಕೊಂಡುದು ಅದಕ್ಕೆ ರಕ್ಷೆಯಾದಂತೆ, ಬೇಲಿಯ ಹೊರಗಣ ರೈತನು ಬಾಡಿಗೆಯನ್ನು ಇಪ್ಪತ್ತೆಂಟು ವರ್ಷಕ್ಕೆ ಗೊತ್ತುಪಡಿಸಿಕೊಂಡುದು ಅವನಿಗೆ ಕಟ್ಟಾಯಿತು. ಆ ಊರುಗಳಲ್ಲಿ ಮೊದಲು ರುಜು ಹಾಕಲು ಒಪ್ಪದೆ ಹಿಂದೇಟು ಹಾಕಿದವರನ್ನು ಅಂದು ಅಧಿಕಾರಿಗಳು ಮನವೊಲಿಸಬೇಕಾಯಿತು.